ಪೈಲಟ್ ಆಗಬೇಕಿದ್ದ ಹುಡುಗ, ಕನ್ನಡಕ ಬಿಡಿಸಿದ ವೈದ್ಯ: ಸ್ವ್ಯಾತೊಸ್ಲಾವ್ ಫ್ಯೊದೊರೊವ್

ವಾಯುಪಡೆಯ ಪೈಲಟ್ ಆಗಲೇಬೇಕೆಂದು ಹಟ ಹಿಡಿದ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದು, ಆ ಕಣ್ಣಿಗೆ ಮೈನಸ್ ನಂಬರಿನ ಕನ್ನಡಕವೂ ಇದ್ದರೆ, ಒಂದು ಪ್ರಶ್ನೆ ನಿಮ್ಮನ್ನು ಕಾಡಿರುತ್ತದೆ. ಕಣ್ಣಿನ ಆಪರೇಷನ್ ಮಾಡಿಸಿದರೆ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬಹುದೇ? ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾವ ಆಪರೇಷನ್, ಯಾವ ವಯಸ್ಸಿನಲ್ಲಿ, ಕಣ್ಣಿನ ಉದ್ದ ಎಷ್ಟು, ಆಮೇಲೆ ಎಷ್ಟು ತಿಂಗಳು ಕಳೆದಿವೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಈ ನಿಯಮಗಳಲ್ಲಿ ಒಂದು ಆಪರೇಷನ್ನಿಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಅದನ್ನು ಜಗತ್ತಿಗೆ ಹಬ್ಬಿಸಿದವರು ಚಿಕ್ಕಂದಿನಲ್ಲಿ ಯುದ್ಧವಿಮಾನದ ಪೈಲಟ್ ಆಗಲು ಹೊರಟಿದ್ದ ಒಬ್ಬ ರಷ್ಯನ್ ವೈದ್ಯರು. ಅವರ ಬದುಕನ್ನು ತಿಳಿದುಕೊಂಡರೆ ಈ ನಿಯಮಗಳು ಯಾಕೆ ಹೀಗಿವೆ ಎಂಬುದು ನಿಮಗೆ ಸುಲಭವಾಗಿ ಅರ್ಥವಾಗುತ್ತದೆ.

ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್ ಫ್ಯೊದೊರೊವ್ ಹುಟ್ಟಿದ್ದು 1927ರ ಆಗಸ್ಟ್ 8ರಂದು, ಈಗ ಉಕ್ರೇನ್‌ಗೆ ಸೇರಿರುವ ಪ್ರೊಸ್ಕುರೊವ್ ಎಂಬ ಊರಿನಲ್ಲಿ. ತಂದೆ ಸೋವಿಯತ್ ಸೇನೆಯ ದೊಡ್ಡ ಅಧಿಕಾರಿ. 1938ರಲ್ಲಿ, ಸ್ಟಾಲಿನ್ ಕಾಲದ ಬಂಧನಗಳ ಅಲೆಯಲ್ಲಿ, ಅವರನ್ನು ಹಿಡಿದು ಶಿಬಿರಕ್ಕೆ ಕಳುಹಿಸಿದರು. ಹುಡುಗನಿಗೆ ಆಗ ಹನ್ನೊಂದು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಜನದ್ರೋಹಿಯ ಮಗ ಎಂಬ ಹಣೆಪಟ್ಟಿ ಹೊತ್ತುಕೊಂಡೇ ಬೆಳೆದ. ಎರಡನೇ ಮಹಾಯುದ್ಧದ ನಡುವೆ ಸೈನಿಕ ಶಾಲೆಗೆ ಸೇರಿ, 1944ರಲ್ಲಿ ರೊಸ್ತೊವ್ ನಗರದ ವಾಯುಪಡೆ ಪೂರ್ವಸಿದ್ಧತಾ ಶಾಲೆಗೆ ಬಂದ. ಮುಂದಿನ ದಾರಿ ವಿಮಾನದ ಕಾಕ್‌ಪಿಟ್‌ಗೇ ಹೋಗಬೇಕಿತ್ತು.

1945ರಲ್ಲಿ ಟ್ರಾಮ್ ಅಪಘಾತದಲ್ಲಿ ಅವರ ಎಡಗಾಲಿನ ಪಾದ ಹೋಯಿತು. ವಯಸ್ಸು ಹದಿನೆಂಟರ ಆಸುಪಾಸು. ಕಣ್ಣು ಚೆನ್ನಾಗಿತ್ತು, ಮೈಯಲ್ಲಿ ಬಲವಿತ್ತು, ಆದರೆ ಪೈಲಟ್ ಆಗುವ ಮಾತು ಅಲ್ಲಿಗೆ ಮುಗಿಯಿತು. ವೈದ್ಯಕೀಯ ಕಾರಣಕ್ಕೆ ಮಕ್ಕಳ ಕನಸು ಮುರಿದುಬಿದ್ದದ್ದನ್ನು ಕಂಡ ತಂದೆತಾಯಂದಿರಿಗೆ ಆ ದಿನಗಳು ಹೇಗಿದ್ದಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಕೃತಕ ಪಾದ ಹಾಕಿಕೊಂಡೇ ನಡೆದರು, ಛಲ ಹಿಡಿದು ಈಜಿದರು, ರೊಸ್ತೊವ್ ವೈದ್ಯಕೀಯ ಕಾಲೇಜಿಗೆ ಸೇರಿದರು. 1952ರಲ್ಲಿ ಡಾಕ್ಟರಾಗಿ ಹೊರಬಂದಾಗ ಆರಿಸಿಕೊಂಡದ್ದು ಕಣ್ಣಿನ ಚಿಕಿತ್ಸೆಯನ್ನು.

ಕಣ್ಣೊಳಗೆ ಪ್ಲಾಸ್ಟಿಕ್ ತುಣುಕು

ಸಣ್ಣ ಊರುಗಳಲ್ಲಿ ಕೆಲ ವರ್ಷ ಕೆಲಸ ಮಾಡಿದ ಮೇಲೆ 1958ರಲ್ಲಿ ಫ್ಯೊದೊರೊವ್ ಚೆಬೊಕ್ಸರಿ ಎಂಬ ನಗರದ ಕಣ್ಣಿನ ಸಂಸ್ಥೆಯ ಶಾಖೆಗೆ ಬಂದರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ನೇತ್ರತಜ್ಞರು ಒಂದು ಹೊಸ ಕೆಲಸ ಮಾಡಿದ್ದರು. ಪೊರೆ ಬಂದ ಲೆನ್ಸನ್ನು ತೆಗೆದ ಜಾಗದಲ್ಲಿ 1949ರಲ್ಲಿ ಪ್ಲಾಸ್ಟಿಕ್ ಲೆನ್ಸ್ ಕೂರಿಸಿದ್ದರು. ಇದರ ಹಿಂದೆಯೂ ವಿಮಾನದ ಕತೆಯೇ ಇದೆ. ಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಕಾಕ್‌ಪಿಟ್‌ನ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಹೊರದಬ್ಬದೆ ಸಹಿಸಿಕೊಂಡದ್ದನ್ನು ರಿಡ್ಲಿ ಗಮನಿಸಿದ್ದರು. ಇಂದು ನಿಮ್ಮ ತಾಯಿಗೋ ಮಾವನಿಗೋ ಪೊರೆ ತೆಗೆದು ಲೆನ್ಸ್ ಹಾಕಿದ್ದರೆ, ಅದರ ಬೇರು ಅಲ್ಲಿದೆ.

ಫ್ಯೊದೊರೊವ್ 1960ರಲ್ಲಿ ಹುಟ್ಟಿನಿಂದಲೇ ಪೊರೆಯಿದ್ದ ಒಬ್ಬ ಶಾಲಾ ಬಾಲಕಿಯ ಕಣ್ಣಿಗೆ ಇಂಥದೇ ಲೆನ್ಸ್ ಇಟ್ಟರು. ಸೋವಿಯತ್ ಒಕ್ಕೂಟದಲ್ಲಿ ಅದೇ ಮೊದಲು. ಹುಡುಗಿಗೆ ದೃಷ್ಟಿ ಬಂತು, ಡಾಕ್ಟರ ಕೆಲಸ ಹೋಯಿತು. ಒಪ್ಪಿತ ವಿಧಾನ ಬಿಟ್ಟು ಮನುಷ್ಯರ ಕಣ್ಣಿನ ಮೇಲೆ ಪ್ರಯೋಗ ಮಾಡಿದರೆಂಬುದು ಮೇಲಿನವರ ಆಕ್ಷೇಪ. ಪತ್ರಿಕೆಯವರು ಅವರ ಪರವಾಗಿ ನಿಂತ ಮೇಲೆ ಮತ್ತೆ ಸೇರಿಸಿಕೊಂಡರು. ಆದರೆ 1961ರಲ್ಲಿ ಅವರು ಅಲ್ಲಿಂದ ಹೊರಟು, ದೂರದ ಉತ್ತರದ ಅರ್ಖಾಂಗೆಲ್ಸ್ಕ್‌ನ ವೈದ್ಯಕೀಯ ಕಾಲೇಜಿಗೆ ಹೋದರು. 1967ರಲ್ಲಿ ಮಾಸ್ಕೋಗೆ ಬಂದರು.

ಇಲ್ಲಿ ಒಂದು ಮಾತು ಹೇಳಬೇಕು. ಹೊಸ ಚಿಕಿತ್ಸೆಗೆ ಅಡ್ಡಬಂದ ಅಧಿಕಾರಿಗಳನ್ನು ಖಳನಾಯಕರನ್ನಾಗಿ ನೋಡುವುದು ಸುಲಭ. ಲೆನ್ಸಿನ ವಿಷಯದಲ್ಲಿ ಫ್ಯೊದೊರೊವ್ ಗೆದ್ದರು, ಕಾಲ ಅವರ ಪರವಾಗಿ ತೀರ್ಪು ಕೊಟ್ಟಿತು. ಮುಂದೆ ಬರುವ ಆಪರೇಷನ್ನಿನ ವಿಷಯದಲ್ಲಿ ಕಾಲದ ತೀರ್ಪು ಅಷ್ಟು ಸರಳವಾಗಿರಲಿಲ್ಲ.

ಚಕ್ರದ ಕಡ್ಡಿಗಳಂತೆ ಗೀರುಗಳು

ಮೊದಲು ಕಣ್ಣಿನ ರಚನೆಯನ್ನು ಸ್ವಲ್ಪ ನೋಡೋಣ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಮೈನಸ್ ನಂಬರ್ ಇರುವವರ ಕಣ್ಣು ಸಾಮಾನ್ಯವಾಗಿ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ಹಾಗಾಗಿ ದೂರದ ವಸ್ತುವಿನ ಬೆಳಕು ರೆಟಿನಾ ತಲುಪುವ ಮೊದಲೇ ಕೂಡಿಕೊಳ್ಳುತ್ತದೆ, ದೂರದ್ದು ಮಸುಕಾಗುತ್ತದೆ. ಕಣ್ಣನ್ನು ಗಿಡ್ಡ ಮಾಡಲು ಸಾಧ್ಯವಿಲ್ಲ. ಆದರೆ ಕಾರ್ನಿಯಾದ ಉಬ್ಬನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಬೆಳಕು ಹಿಂದಕ್ಕೆ ಸರಿದು ರೆಟಿನಾದ ಮೇಲೆ ಕೂಡುತ್ತದೆ.

ಕಾರ್ನಿಯಾಕ್ಕೆ ಗೀರು ಹಾಕಿ ಚಪ್ಪಟೆ ಮಾಡುವ ಯೋಚನೆ ಫ್ಯೊದೊರೊವ್ ಅವರದೇ ಅಲ್ಲ. ಜಪಾನಿನ ತ್ಸುತೊಮು ಸಾತೊ 1930ರ ದಶಕದ ಕೊನೆಯಿಂದಲೇ ಈ ಪ್ರಯತ್ನ ಮಾಡಿದ್ದರು. ಅವರು ಕಾರ್ನಿಯಾದ ಒಳಬದಿಗೂ ಗೀರು ಹಾಕುತ್ತಿದ್ದರು. ಒಳಬದಿಯಲ್ಲಿ ಒಂದೇ ಒಂದು ಪದರದ ಸೂಕ್ಷ್ಮ ಜೀವಕೋಶಗಳಿವೆ. ಕಾರ್ನಿಯಾದಲ್ಲಿ ನೀರು ತುಂಬದಂತೆ ನೋಡಿಕೊಳ್ಳುವುದು ಅವುಗಳ ಕೆಲಸ, ಹಾಳಾದರೆ ಮತ್ತೆ ಬೆಳೆಯುವುದಿಲ್ಲ. ಇದು ಆಗ ಗೊತ್ತಿರಲಿಲ್ಲ. ಆಪರೇಷನ್ ಆದ ವರ್ಷಗಳಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಬಹುಪಾಲು ಕಣ್ಣುಗಳು ಹತ್ತಿಪ್ಪತ್ತು ವರ್ಷಗಳ ನಂತರ ಊದಿ ಬೆಳ್ಳಗಾದವು. ಕಣ್ಣಿನ ಯಾವುದೇ ಹೊಸ ಆಪರೇಷನ್ನಿಗೆ ಡಾಕ್ಟರು ನಿಮಗೆ ಒಂದು ವರ್ಷದ ಫಲಿತಾಂಶ ತೋರಿಸಿದರೆ, ಹತ್ತು ವರ್ಷದ್ದು ಏನೆಂದು ಕೇಳುವ ಹಕ್ಕು ನಿಮಗಿದೆ.

ಫ್ಯೊದೊರೊವ್ 1970ರ ದಶಕದಲ್ಲಿ ಗೀರುಗಳನ್ನು ಕಾರ್ನಿಯಾದ ಹೊರಬದಿಗೆ ತಂದರು. ಒಬ್ಬ ಹುಡುಗನ ಕನ್ನಡಕ ಒಡೆದು ಗಾಜಿನ ಚೂರು ಕಣ್ಣಿಗೆ ಗೀರು ಹಾಕಿತೆಂದೂ, ಗಾಯ ಮಾಯ್ದಾಗ ಅವನ ಮೈನಸ್ ನಂಬರ್ ಇಳಿದಿತ್ತೆಂದೂ, ಅದರಿಂದಲೇ ಫ್ಯೊದೊರೊವ್ ಅವರಿಗೆ ಈ ಆಪರೇಷನ್ ಹೊಳೆಯಿತೆಂದೂ ಒಂದು ಕತೆ ಎಲ್ಲೆಡೆ ಓಡಾಡುತ್ತದೆ. ನ್ಯೂಟನ್ನನ ಸೇಬಿನಂಥ ಕತೆ. ಅದು ನಿಜವೇ ಇರಲಿ, ಆ ಹುಡುಗನೊಬ್ಬನಿಂದಲೇ ಆಪರೇಷನ್ ಹುಟ್ಟಲಿಲ್ಲ. ಸಾತೊ ಅವರ ಸೋಲು, ಸೋವಿಯತ್ ಒಕ್ಕೂಟದಲ್ಲೇ ಬೇರೆ ವೈದ್ಯರು ಮಾಡಿದ್ದ ಪ್ರಯತ್ನ, ಇವೆಲ್ಲ ಅದಕ್ಕೂ ಮೊದಲೇ ಇದ್ದವು. ಫ್ಯೊದೊರೊವ್ ಮಾಡಿದ ದೊಡ್ಡ ಕೆಲಸವೆಂದರೆ ಅದನ್ನು ಲೆಕ್ಕಕ್ಕೆ ತಂದದ್ದು. ಎಷ್ಟು ನಂಬರಿಗೆ ಎಷ್ಟು ಗೀರು, ಎಷ್ಟು ಆಳ, ನಡುವೆ ಎಷ್ಟು ಜಾಗ ಮುಟ್ಟದೆ ಬಿಡಬೇಕು ಎಂಬ ಕೋಷ್ಟಕಗಳು ಅವರ ತಂಡದಲ್ಲಿ ಸಿದ್ಧವಾದವು.

ಆಪರೇಷನ್ನಿನ ಹೆಸರು ರೇಡಿಯಲ್ ಕೆರಟಾಟಮಿ, ಚಿಕ್ಕದಾಗಿ ಆರ್‌ಕೆ. ಸೈಕಲ್ ಚಕ್ರದ ಕಡ್ಡಿಗಳನ್ನು ನೆನಪಿಸಿಕೊಳ್ಳಿ. ನಡುವಿನ ಭಾಗವನ್ನು ಬಿಟ್ಟು, ಸುತ್ತಲೂ ಹೊರಕ್ಕೆ ಹೋಗುವಂತೆ ಗೀರುಗಳು. ಮೊದಮೊದಲು ಹದಿನಾರು, ಆಮೇಲೆ ಎಂಟು, ನಾಲ್ಕು. ಗೀರಿನ ಆಳ ಕಾರ್ನಿಯಾದ ದಪ್ಪದ ಸುಮಾರು ಶೇಕಡಾ 90ರವರೆಗೆ. ಅಂಚು ಸಡಿಲವಾಗಿ ಸ್ವಲ್ಪ ಉಬ್ಬುತ್ತದೆ, ನಡುವಿನ ಭಾಗ ಚಪ್ಪಟೆಯಾಗುತ್ತದೆ. ಕೆಲವೇ ನಿಮಿಷಗಳ ಕೆಲಸ.

ಮಾಸ್ಕೋದಲ್ಲಿ ಅವರು ಇದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. ಅದನ್ನು ಕಾರ್ಖಾನೆ ಎನ್ನಲು ಕಾರಣವಿದೆ: ರೋಗಿಗಳು ಮಲಗಿದ ಮೇಜುಗಳು ನಿಧಾನವಾಗಿ ಚಲಿಸುತ್ತಿದ್ದವು. ಒಬ್ಬೊಬ್ಬ ಸರ್ಜನ್ ತನ್ನ ಪಾಲಿನ ಒಂದು ಹಂತ ಮುಗಿಸುತ್ತಿದ್ದಂತೆ ಮೇಜು ಮುಂದಿನವರ ಹತ್ತಿರ ಹೋಗುತ್ತಿತ್ತು. 1980ರಲ್ಲಿ ಅವರ ಪ್ರಯೋಗಾಲಯ ಸ್ವತಂತ್ರ ಸಂಸ್ಥೆಯಾಯಿತು. 1986ರಲ್ಲಿ ಅದು ಹಲವು ನಗರಗಳಲ್ಲಿ ಶಾಖೆಗಳಿರುವ ದೊಡ್ಡ ಕೇಂದ್ರವಾಗಿ ಬೆಳೆಯಿತು. ಹಡಗೊಂದರಲ್ಲೂ ಅವರ ಕಣ್ಣಿನ ಆಸ್ಪತ್ರೆ ನಡೆಯಿತು. ಚಲಿಸುವ ಮೇಜುಗಳನ್ನು ಕಂಡು ವಿದೇಶಿ ವೈದ್ಯರಲ್ಲಿ ಕೆಲವರು ಬೆರಗಾದರು, ಕೆಲವರು ಮುಖ ಸಿಂಡರಿಸಿದರು. ನನಗೆ ಅದರಲ್ಲಿ ಮೆಚ್ಚುವ ಅಂಶವೇ ಹೆಚ್ಚು ಕಾಣುತ್ತದೆ. ಒಂದೇ ಹಂತವನ್ನು ದಿನವೂ ಮಾಡುವ ಕೈ ತಪ್ಪುವುದು ಕಡಿಮೆ. ಸಾಲುಗಟ್ಟಿ ಕಾಯುವ ಬಡವರಿಗೂ ಸರದಿ ಬೇಗ ಬರುತ್ತದೆ. ನಮ್ಮ ದೇಶದ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲೂ ಪೊರೆ ಆಪರೇಷನ್ನಿನ ಕೆಲಸ ಹೀಗೆ ಹಂತಹಂತವಾಗಿ ಹಂಚಿಕೆಯಾಗಿರುವುದನ್ನು ನೀವು ನೋಡಿರಬಹುದು.

1978ರಲ್ಲಿ ಆರ್‌ಕೆ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಜಗತ್ತೆಲ್ಲ ಸುತ್ತಿತು, ಭಾರತಕ್ಕೂ ಬಂತು. 1980 ಮತ್ತು 90ರ ದಶಕಗಳಲ್ಲಿ ನಮ್ಮ ನಗರಗಳಲ್ಲಿ ಇದನ್ನು ಮಾಡಿಸಿಕೊಂಡವರಿದ್ದಾರೆ. ಈಗ ಅವರ ವಯಸ್ಸು ಐವತ್ತು, ಅರವತ್ತು. ಅವರಿಗೆ ಹೇಳಬೇಕಾದ ಮಾತು ಸ್ವಲ್ಪ ಮುಂದೆ ಬರುತ್ತದೆ.

ಹತ್ತು ವರ್ಷ ಕಳೆದ ಮೇಲೆ

ಅಮೆರಿಕದಲ್ಲಿ ಸರ್ಕಾರದ ನೆರವಿನಿಂದ ಹಲವು ಆಸ್ಪತ್ರೆಗಳು ಸೇರಿ ಆರ್‌ಕೆ ಮಾಡಿಸಿಕೊಂಡವರನ್ನು ಹತ್ತು ವರ್ಷ ಹಿಂಬಾಲಿಸಿದವು. ಫಲಿತಾಂಶ ಹೊರಬಂದದ್ದು 1994ರಲ್ಲಿ. ಒಳ್ಳೆಯ ಸುದ್ದಿಯೂ ಇತ್ತು: ಶೇಕಡಾ 85ರಷ್ಟು ಕಣ್ಣುಗಳು ಕನ್ನಡಕವಿಲ್ಲದೆ 6/12 ಅಥವಾ ಅದಕ್ಕಿಂತ ಚೆನ್ನಾಗಿ ನೋಡುತ್ತಿದ್ದವು. ಆದರೆ ಶೇಕಡಾ 43ರಷ್ಟು ಕಣ್ಣುಗಳಲ್ಲಿ ನಂಬರ್ ಒಂದು ಡಯಾಪ್ಟರ್ ಅಥವಾ ಅದಕ್ಕೂ ಹೆಚ್ಚು ಪ್ಲಸ್ ಕಡೆಗೆ ಜಾರಿತ್ತು. ಅಂದರೆ ಚಪ್ಪಟೆಯಾಗುವುದು ಆಪರೇಷನ್ನಿನ ದಿನಕ್ಕೆ ನಿಂತಿರಲಿಲ್ಲ. ಅಷ್ಟು ಆಳದ ಗೀರು ಮಾಯ್ದರೂ ಕಾರ್ನಿಯಾಕ್ಕೆ ಮೊದಲಿನ ಗಟ್ಟಿತನ ಮರಳಿ ಬರುವುದಿಲ್ಲ.

ಪೈಲಟ್‌ಗೆ ಇದು ದೊಡ್ಡ ತೊಂದರೆ. ಎತ್ತರಕ್ಕೆ ಹೋದಂತೆ ಆಮ್ಲಜನಕ ಕಡಿಮೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಬಹುಮಟ್ಟಿಗೆ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಎಲ್ಲರ ಕಾರ್ನಿಯಾ ಕೊಂಚ ಊದುತ್ತದೆ. ಗೀರು ಬಿದ್ದ ಕಾರ್ನಿಯಾದಲ್ಲಿ ಆ ಊತ ಎಲ್ಲ ಕಡೆ ಸಮನಾಗಿರುವುದಿಲ್ಲ. ಹಾಗಾಗಿ ಆಕಾರ ಬದಲಾಗಿ ನಂಬರ್ ಪ್ಲಸ್ ಕಡೆಗೆ ಓಡುತ್ತದೆ. 1990ರ ದಶಕದಲ್ಲಿ ಅಮೆರಿಕದ ಸೇನಾ ವೈದ್ಯರು ಆರ್‌ಕೆ ಆದವರನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲೆ 72 ಗಂಟೆ ಇರಿಸಿ ಅಳೆದರು. ಅವರ ನಂಬರ್ ಬದಲಾಯಿತು, ಕೆಳಗಿಳಿದ ಮೇಲೆ ಹಿಂದಿನಂತಾಯಿತು. ಅದೇ ಬೆಟ್ಟದ ಮೇಲೆ ಲೇಸರ್ ಚಿಕಿತ್ಸೆಯಾದ ಕಣ್ಣುಗಳು ಸ್ಥಿರವಾಗಿ ಉಳಿದವು. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತುತ್ತಿದ್ದ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಅವರಿಗೆ ಆರ್‌ಕೆ ಆಗಿತ್ತು. ಎತ್ತರದಲ್ಲಿ ಅವರ ದೃಷ್ಟಿ ಕೈಕೊಟ್ಟು, ಶಿಖರಕ್ಕೆ ಹೋಗಲಾಗದೆ ದಾರಿಯಲ್ಲೇ ಕಾಯುತ್ತಾ ಕೂರಬೇಕಾಯಿತು. ಇಳಿಯುವಾಗ ಬಿರುಗಾಳಿ ಬಡಿಯಿತು. ಪ್ರಾಣ ಉಳಿಯಿತು, ಹಿಮಹುಣ್ಣಿಗೆ ಒಂದು ಕೈ ಹೋಯಿತು.

ವಿಮಾನ ಪ್ರಯಾಣದ ಕೆಲವು ಗಂಟೆಗಳಿಗೆ ಹೆದರಬೇಕಿಲ್ಲ, ಈ ಬದಲಾವಣೆಗೆ ಸಮಯ ಬೇಕು. ಆದರೆ ನಿಮಗೆ ಆರ್‌ಕೆ ಆಗಿದ್ದು, ಲೇಹ್‌ನಂಥ ಎತ್ತರದ ಜಾಗದಲ್ಲಿ ಹಲವು ದಿನ ಉಳಿಯುವ ಯೋಜನೆ ಇದ್ದರೆ ಹೊರಡುವ ಮೊದಲು ಕಣ್ಣಿನ ಡಾಕ್ಟರನ್ನು ಕಾಣಿ. ಅಲ್ಲಿ ವಾಹನ ಓಡಿಸುವ ಯೋಚನೆ ಇದ್ದರಂತೂ ಇದನ್ನು ಮರೆಯಬೇಡಿ.

ಲೇಸರ್ ಬಂದ ಮೇಲೆ

ಬ್ಲೇಡಿನ ಬದಲು ಲೇಸರ್ ಬರಲು ಕಾರಣರಾದವರಲ್ಲಿ ಒಬ್ಬರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. ಚೆನ್ನೈನಲ್ಲಿರುವ ಓದುಗರಿಗೆ ಇದು ಖುಷಿ ಕೊಡಬಹುದು. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ 1981ರಲ್ಲಿ ಅವರೂ ಸಹೋದ್ಯೋಗಿಗಳೂ ಎಕ್ಸೈಮರ್ ಲೇಸರ್ ಅಂಗಾಂಶವನ್ನು ಸುಡದೆ, ಅತಿ ತೆಳುವಾಗಿ ತೆಗೆಯಬಲ್ಲದೆಂದು ಕಂಡುಕೊಂಡರು. 1983ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೋಕಲ್ ಅವರೊಂದಿಗೆ ಅದನ್ನು ಕಾರ್ನಿಯಾಕ್ಕೆ ಅನ್ವಯಿಸಿ ತೋರಿಸಿದರು. ಇದರಿಂದ ಹುಟ್ಟಿದ್ದು ಪಿಆರ್‌ಕೆ: ಮೇಲಿನ ತೆಳು ಚರ್ಮ ಸರಿಸಿ ಕಾರ್ನಿಯಾದ ಮೇಲ್ಮೈಯನ್ನು ಲೇಸರ್‌ನಿಂದ ರೂಪಿಸುವುದು. ಆಮೇಲೆ ಬಂದ ಲೇಸಿಕ್‌ನಲ್ಲಿ ಮೇಲಿನ ಪದರವನ್ನು ಮುಚ್ಚಳದಂತೆ ಎತ್ತಿ, ಅಡಿಯಲ್ಲಿ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಲೇಸಿಕ್‌ನಲ್ಲಿ ನೋವು ಕಡಿಮೆ, ಮಾರನೇ ದಿನವೇ ದೃಷ್ಟಿ ತಿಳಿಯಾಗುತ್ತದೆ. ಪಿಆರ್‌ಕೆಯಲ್ಲಿ ಮೊದಲ ಕೆಲವು ದಿನ ನೋವು, ದೃಷ್ಟಿ ನೆಲೆಗೊಳ್ಳಲು ವಾರಗಳು ಬೇಕು. ಆದರೂ ಸೇನೆಗಳು ಮೊದಲು ಒಲವು ತೋರಿದ್ದು ಪಿಆರ್‌ಕೆಗೆ, ಏಕೆಂದರೆ ಅಲ್ಲಿ ಜರುಗಬಹುದಾದ ಮುಚ್ಚಳವೇ ಇಲ್ಲ. ಅಪಾಯದಲ್ಲಿ ವಿಮಾನದಿಂದ ಸೀಟಿನ ಸಮೇತ ಚಿಮ್ಮಿ ಹೊರಬರುವ ಪೈಲಟ್‌ನ ಮುಖಕ್ಕೆ ಬಡಿಯುವ ಗಾಳಿಯನ್ನು ನೆನೆದರೆ ಆ ಭಯ ಅರ್ಥವಾಗುತ್ತದೆ. ಅಮೆರಿಕದ ನೌಕಾಪಡೆ 1990ರ ದಶಕದಲ್ಲಿ ಪಿಆರ್‌ಕೆಯನ್ನು ಪರೀಕ್ಷಿಸಿತು. ಮುಂದೆ ಲೇಸಿಕ್‌ಗೂ ಒಪ್ಪಿಗೆ ಸಿಕ್ಕಿತು. 2007ರಲ್ಲಿ ನಾಸಾ ಕೂಡ ಗಗನಯಾತ್ರಿಗಳ ಆಯ್ಕೆಯಲ್ಲಿ ಈ ಎರಡನ್ನೂ ಒಪ್ಪಿಕೊಂಡಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಭಾರತೀಯ ವಾಯುಪಡೆಯ ಇತ್ತೀಚಿನ ವರ್ಷಗಳ ಅಧಿಸೂಚನೆಗಳ ಪ್ರಕಾರ ಪಿಆರ್‌ಕೆ ಅಥವಾ ಲೇಸಿಕ್ ಆದವರನ್ನು ಷರತ್ತಿನ ಮೇಲೆ ಪರಿಗಣಿಸುತ್ತಾರೆ. ಆಪರೇಷನ್ 20 ವರ್ಷಕ್ಕಿಂತ ಮೊದಲು ಆಗಿರಬಾರದು. ಆದ ಮೇಲೆ ತೊಡಕಿಲ್ಲದೆ ಕನಿಷ್ಠ 12 ತಿಂಗಳು ಕಳೆದಿರಬೇಕು. ಕಣ್ಣಿನ ಉದ್ದ 25.5 ಮಿಲಿಮೀಟರ್ ಮೀರಬಾರದು, ಉಳಿದ ಕಾರ್ನಿಯಾದ ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು, ಆಪರೇಷನ್ನಿಗೆ ಮೊದಲು ನಂಬರ್ 6 ಡಯಾಪ್ಟರ್ ಮೀರಿರಬಾರದು. ಆರ್‌ಕೆ ಆಗಿದ್ದರೆ ವಾಯುಪಡೆಯ ಯಾವ ಕೆಲಸಕ್ಕೂ ಪ್ರವೇಶವಿಲ್ಲ. ಈ ಅಂಕಿಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಾರೆ. ಆದ್ದರಿಂದ ಡಾಕ್ಟರ ಬಳಿ ಹೋಗುವಾಗ ನಿಮ್ಮ ವರ್ಷದ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಮುದ್ರಿಸಿಕೊಂಡು ಹೋಗಿ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಇಪ್ಪತ್ತು ತುಂಬಿದ ಮೇಲೆ ಆಪರೇಷನ್, ಆಮೇಲೆ ಒಂದು ವರ್ಷ: ಇಪ್ಪತ್ತೊಂದು. ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎಗೆ ಹತ್ತೊಂಬತ್ತೂವರೆಯೊಳಗೇ ಸೇರಬೇಕು. ಹಾಗಾಗಿ ಪಿಯುಸಿ ಓದುತ್ತಿರುವ ಮಗುವಿಗೆ ಎನ್‌ಡಿಎ ಮೂಲಕ ಪೈಲಟ್ ಆಗಲೆಂದು ಅವಸರದಲ್ಲಿ ಆಪರೇಷನ್ ಮಾಡಿಸುವುದರಿಂದ ಉಪಯೋಗವಿಲ್ಲ. ಬದಲಾಗಿ, ಪದವಿಯ ನಂತರದ ಪರೀಕ್ಷೆಗಳ ದಾರಿಯೂ ಕಟ್ಟಿಹೋಗಬಹುದು. ಆ ದಾರಿಗಳಲ್ಲಿ ಹಾರಾಟ ವಿಭಾಗಕ್ಕೆ ಸಾಮಾನ್ಯವಾಗಿ 20ರಿಂದ 24 ವರ್ಷದವರಿಗೆ ಅವಕಾಶವಿದೆ. ವಯಸ್ಸಿನ ನಿಯಮಕ್ಕೆ ವೈದ್ಯಕೀಯ ಕಾರಣವೂ ಇದೆ. ಹದಿಹರೆಯದಲ್ಲಿ ಮೈನಸ್ ನಂಬರ್ ಇನ್ನೂ ಏರುತ್ತಿರಬಹುದು, ಅದು ನಿಲ್ಲುವ ಮೊದಲೇ ಕಾರ್ನಿಯಾ ಕೆತ್ತಿದರೆ ಕನ್ನಡಕ ಮರಳಿ ಬರುತ್ತದೆ. ಕಣ್ಣಿನ ಉದ್ದದ ನಿಯಮವೂ ಹಾಗೆಯೇ. ಲೇಸರ್ ಕಾರ್ನಿಯಾವನ್ನು ಬದಲಿಸುತ್ತದೆ, ಉದ್ದ ಹಾಗೇ ಉಳಿಯುತ್ತದೆ. ಉದ್ದದ ಕಣ್ಣಿನಲ್ಲಿ ರೆಟಿನಾ ತೆಳುವಾಗಿ ಎಳೆದಂತಿರುತ್ತದೆ, ಹರಿಯುವ ಅಪಾಯ ಹೆಚ್ಚು. ಹಾಗಾಗಿ ಹಣ ಕಟ್ಟುವ ಮೊದಲು ಕಣ್ಣಿನ ಉದ್ದ ಅಳೆಸಿ. ಅದು ನೋವಿಲ್ಲದ, ನಿಮಿಷದ ಪರೀಕ್ಷೆ. ಅಲ್ಲೇ ಮಿತಿ ಮೀರಿದ್ದರೆ ಪೈಲಟ್ ಆಗಲೆಂದು ಆಪರೇಷನ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಬಣ್ಣ ಗುರುತಿಸುವ ತೊಂದರೆ ಇದ್ದರೆ ಅದನ್ನೂ ಯಾವ ಲೇಸರ್ ಸರಿಮಾಡುವುದಿಲ್ಲ. ಮಾಡಿಸಿದ ಆಪರೇಷನ್ನನ್ನು ಮುಚ್ಚಿಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಕಾರ್ನಿಯಾದ ಆಕಾರವನ್ನು ನಕ್ಷೆ ತೆಗೆಯುವ ಯಂತ್ರಕ್ಕೆ ಅದು ಕಾಣುತ್ತದೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಾಗಲಿ ದೆಹಲಿಯ ಕೇಂದ್ರದಲ್ಲಾಗಲಿ ಕೂರುವ ವೈದ್ಯರು ಅದನ್ನೇ ನೋಡಲು ಕೂತವರು.

ಇನ್ನು, ಹಿಂದೆ ಆರ್‌ಕೆ ಮಾಡಿಸಿಕೊಂಡವರಿಗೆ. ಬೆಳಿಗ್ಗೆ ಒಂದು ನಂಬರ್, ಸಂಜೆ ಇನ್ನೊಂದು ನಂಬರ್ ಎನಿಸಿದರೆ ಅದು ನಿಮ್ಮ ಭ್ರಮೆಯಲ್ಲ. ರಾತ್ರಿ ರೆಪ್ಪೆ ಮುಚ್ಚಿದಾಗಲೂ ಕಾರ್ನಿಯಾಕ್ಕೆ ಆಮ್ಲಜನಕ ಕಡಿಮೆಯಾಗುತ್ತದೆ. ಪೊರೆ ಆಪರೇಷನ್ನಿಗೆ ಹೋಗುವಾಗ ಹಳೆಯ ಆರ್‌ಕೆ ವಿಷಯವನ್ನು ಮೊದಲೇ ಹೇಳಿ. ಮಾಮೂಲಿ ಲೆಕ್ಕದಲ್ಲಿ ಆರಿಸಿದ ಲೆನ್ಸ್ ನಿಮ್ಮ ಕಣ್ಣಿಗೆ ತಪ್ಪಾಗಬಹುದು. ಕಣ್ಣಿಗೆ ಬಲವಾದ ಪೆಟ್ಟು ಬಿದ್ದರೆ, ದೃಷ್ಟಿ ಸರಿಯಾಗಿಯೇ ಇದ್ದರೂ ಅದೇ ದಿನ ತೋರಿಸಿ. ಹಳೆಯ ಗೀರು ಬಿಚ್ಚಿಕೊಳ್ಳುವ ಸಾಧ್ಯತೆ ಇರುತ್ತದೆ.

ಫ್ಯೊದೊರೊವ್ ಅವರ ಕೆಲಸ ಆರ್‌ಕೆಗೆ ಮುಗಿಯಲಿಲ್ಲ. ಗ್ಲಾಕೋಮಾದ ಆಪರೇಷನ್ನುಗಳಲ್ಲಿ, ಕೃತಕ ಕಾರ್ನಿಯಾದಲ್ಲಿ ಅವರ ಕೈಯಿದೆ. 1986ರಲ್ಲಿ ಅವರು ಕಣ್ಣಿನ ಸ್ವಂತ ಲೆನ್ಸನ್ನು ತೆಗೆಯದೆ ಅದರ ಮುಂದೆ ಇನ್ನೊಂದು ತೆಳು ಲೆನ್ಸ್ ಇಡಲು ಶುರುಮಾಡಿದರು. ಇಂದು ಹೆಚ್ಚು ನಂಬರ್ ಇರುವವರಿಗೆ ಡಾಕ್ಟರು ಸೂಚಿಸುವ ಐಸಿಎಲ್ ಆ ದಾರಿಯಲ್ಲೇ ಬೆಳೆದದ್ದು. ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಅವರು ರಾಜಕೀಯಕ್ಕೂ ಇಳಿದರು. 1996ರಲ್ಲಿ ರಷ್ಯಾದ ಅಧ್ಯಕ್ಷ ಪದವಿಗೆ ನಿಂತರು, ಸಿಕ್ಕ ಮತ ಶೇಕಡಾ ಒಂದಕ್ಕೂ ಕಡಿಮೆ.

ಅವರ ಕೇಂದ್ರಕ್ಕೆ ಸ್ವಂತ ಹೆಲಿಕಾಪ್ಟರ್ ಇತ್ತು. 2000ದ ಜೂನ್ 2ರಂದು, ತಂಬೊವ್ ಶಾಖೆಯ ಹತ್ತನೇ ವರ್ಷದ ಸಮಾರಂಭ ಮುಗಿಸಿಕೊಂಡು ಅದರಲ್ಲಿ ಮಾಸ್ಕೋಗೆ ಮರಳುತ್ತಿದ್ದಾಗ, ನಗರದ ಅಂಚಿನಲ್ಲಿ ಹೆಲಿಕಾಪ್ಟರ್ ಬಿತ್ತು. ಅದರಲ್ಲಿದ್ದ ಯಾರೂ ಉಳಿಯಲಿಲ್ಲ. ಫ್ಯೊದೊರೊವ್ ಅವರಿಗೆ ಆಗ 72 ವರ್ಷ. ಅವರು ಕಟ್ಟಿದ ಕೇಂದ್ರ ಈಗ ಅವರ ಹೆಸರಿನಲ್ಲೇ ನಡೆಯುತ್ತಿದೆ. ಅಲ್ಲಿಯೂ ಮೈನಸ್ ನಂಬರಿಗೆ ಲೇಸರ್ ಚಿಕಿತ್ಸೆ ಮಾಡುತ್ತಾರೆ.